ಹಳೇ ಎಂಜಿನ್ ರೀಬಿಲ್ಡ್‌ಗೆ ಕೊಡೋ ಮುಂಚೆ ಬ್ಲಾಕ್ ನಂಬರ್ ಫೋಟೋ ತೆಗೀರಿ, ನನ್ನ ಹಾಗೆ ಮೋಸ ಹೋಗಬೇಡಿ

ಮೂರು ವಾರ ಆಯ್ತು, ಹೊಟ್ಟೆ ಉರಿ ಇನ್ನೂ ತಣ್ಣಗಾಗಿಲ್ಲ. ಹೇಳಿಕೊಳ್ಳೋಕೆ ನಾಚಿಕೆ, ಯಾಕಂದ್ರೆ ಡೆಟ್ರಾಯ್ಟ್ ಹತ್ತಿರ ಹನ್ನೊಂದು ವರ್ಷದಿಂದ ಕಾರು ಕಂಪನಿಯಲ್ಲೇ ಕೆಲಸ ಮಾಡುವವನು ನಾನು. ಆದರೂ ಬರೆಯುತ್ತಿದ್ದೇನೆ. ಮಿಶಿಗನ್‌ನಲ್ಲಿ ಹಳೇ ಕಾರಿನ ಹುಚ್ಚು ಹತ್ತಿಸಿಕೊಂಡ ಕನ್ನಡದವರು ನಾನೊಬ್ಬನೇ ಅಲ್ಲ.

ನನ್ನದು ಶೆವರ್ಲೆ ಕಂಪನಿಯ 1970ರ ಶೆವೆಲ್ ಕಾರು, ಬಾಲ್ಟಿಮೋರ್ ಫ್ಯಾಕ್ಟರಿಯದು. 350 ಕ್ಯೂಬಿಕ್ ಇಂಚಿನ ಎಂಜಿನ್, ಫ್ಯಾಕ್ಟರಿಯಲ್ಲೇ ಕಾರಿನ ಜೊತೆ ಹುಟ್ಟಿದ್ದೇ. ಬೆಲೆ ನಿಲ್ಲೋದೇ ಅದರ ಮೇಲೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬ್ಲಾಕ್ ಅಂದ್ರೆ ಎಂಜಿನ್‌ನ ಮುಖ್ಯ ಎರಕದ ಒಡಲು. ಅದರ ಮುಂಭಾಗ, ಪ್ಯಾಸೆಂಜರ್ ಕಡೆ, ಆಲ್ಟರ್ನೇಟರ್ ಕೆಳಗೆ ಚಿಕ್ಕ ಜಾಗ ಇರುತ್ತಲ್ಲ, ಅಲ್ಲಿ 10ಬಿ ಅಂತ ಶುರುವಾಗಿ ನನ್ನ ಕಾರಿನ ಸೀರಿಯಲ್ ನಂಬರಿನ ಆರು ಅಂಕಿ ಕೊರೆದಿತ್ತು. 1 ಅಂದ್ರೆ ಶೆವರ್ಲೆ, 0 ಅಂದ್ರೆ 1970, ಬಿ ಅಂದ್ರೆ ಬಾಲ್ಟಿಮೋರ್. ಕಾರು ತಗೊಂಡ ದಿನ ಅದರ ಮೇಲೆ ಬೆರಳಾಡಿಸಿ ನೋಡಿದ್ದೆ.

ನೀಲಿ ಹೊಗೆ ಜಾಸ್ತಿ ಆಯ್ತು. ಆಗಸ್ಟ್‌ನಲ್ಲಿ ಇಲ್ಲಿ ನಡೆಯೋ ಹಳೇ ಕಾರುಗಳ ಜಾತ್ರೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಗಾಡಿ ತಯಾರಿರಬೇಕು ಅನ್ನೋ ಆಸೆ. ಯಾರೋ ಹೇಳಿದರು ಅಂತ ಒಂದು ಅಂಗಡಿಗೆ ರೀಬಿಲ್ಡ್‌ಗೆ, ಅಂದ್ರೆ ಎಂಜಿನ್ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿಕೊಡೋಕೆ, ಕೊಟ್ಟೆ. ಒಟ್ಟು 4,200 ಡಾಲರ್, ಅರ್ಧ ಮುಂಗಡ. ವರ್ಕ್ ಆರ್ಡರ್‌ನಲ್ಲಿ ಆಸಾಮಿ ಬರೆದದ್ದು "350 ರೀಬಿಲ್ಡ್", ಅಷ್ಟೇ. ನಾನೂ ಸುಮ್ನೆ ಸಹಿ ಹಾಕಿದೆ. ಅಲ್ಲೇ ಕೆಟ್ಟೆ.

ವಾಪಸ್ ತರೋಕೆ ಹೋದಾಗ ಎಂಜಿನ್ ಮೇಲೆ ಕಿತ್ತಳೆ ಬಣ್ಣ ಫಳಫಳ ಹೊಳೆಯುತ್ತಿತ್ತು. ಸ್ಟಾರ್ಟ್ ಮಾಡಿದ. ಆ ಸದ್ದು ಕೇಳಿ ಕಣ್ಣು ತುಂಬಿ ಬಂತು, ಆತನ ಕೈ ಕುಲುಕಿ ಥ್ಯಾಂಕ್ಸ್ ಬೇರೆ ಹೇಳಿ ಬಂದೆ!

ಮಾರನೇ ದಿನ ಬೆಳಿಗ್ಗೆ ಆಯಿಲ್ ನೋಡೋಣ ಅಂತ ಬಾನೆಟ್ ಎತ್ತಿದೆ. ಕೈ ತಾನಾಗಿಯೇ ಡ್ರೈವರ್ ಕಡೆ ಹೋಯ್ತು. ಆಯಿಲ್ ಮಟ್ಟ ನೋಡೋ ಕಡ್ಡಿ, ಡಿಪ್‌ಸ್ಟಿಕ್, ಇಲ್ಲ. ಮತ್ತೆ ತಡಕಿದೆ. ಇಲ್ಲ. ಬಗ್ಗಿ ನೋಡಿದರೆ ಪ್ಯಾಸೆಂಜರ್ ಕಡೆ ಇದೆ. ಶೆವಿ ಸ್ಮಾಲ್ ಬ್ಲಾಕ್‌ನಲ್ಲಿ (ನನ್ನ 350 ಸೇರಿದ ಶೆವರ್ಲೆ ಎಂಜಿನ್ ಕುಟುಂಬ) ಆ ಕಡ್ಡಿ ಆ ಕಡೆಗೆ ಹೋಗಿದ್ದು 1980ರಲ್ಲಿ. 1970ರ ಬ್ಲಾಕ್‌ನಲ್ಲಿ ಅಲ್ಲಿಗೆ ಹೇಗೆ ಬಂತು? ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಕೈಕಾಲು ತಣ್ಣಗಾದವು.

ಆಲ್ಟರ್ನೇಟರ್ ಕೆಳಗೆ ಟಾರ್ಚ್ ಬಿಟ್ಟೆ. ಬಣ್ಣದ ಕೆಳಗೇನಾದರೂ ಇದೆಯಾ ಅಂತ ಥಿನ್ನರ್ ಹಾಕಿ ಒರೆಸಿದೆ. ಒಂದಕ್ಷರ ಇಲ್ಲ, ನುಣ್ಣಗೆ ಉಜ್ಜಿಬಿಟ್ಟಿದ್ದಾರೆ. ಹಿಂದೆ, ಗೇರ್‌ಬಾಕ್ಸ್ ಸೇರುವ ಕಡೆ, ಪುಟ್ಟ ಕನ್ನಡಿ ಇಟ್ಟು, ಎರಕದಲ್ಲೇ ಮೂಡಿರೋ ಕ್ಯಾಸ್ಟಿಂಗ್ ನಂಬರ್ ಓದಿದೆ. ನನ್ನದು 3970010. ಅಲ್ಲಿದ್ದದ್ದು ಕೊನೆಗೆ 207, ಎಂಬತ್ತರ ದಶಕದ ಬ್ಲಾಕ್.

ಫೋನ್ ಮಾಡಿದರೆ ಮೊದಲ ಉತ್ತರ: "350 ಅಂದ್ರೆ 350. ಗಾಡಿ ಓಡ್ತಿದೆ ತಾನೇ?" ನನ್ನ ಬ್ಲಾಕ್ ಎಲ್ಲಿ ಅಂತ ಕೇಳಿದೆ. "ಬಿರುಕು ಬಿಟ್ಟಿತ್ತು, ನಿನಗೆ ಹೇಳಿದ್ದೆವಲ್ಲ" ಅಂದ. ನನಗೆ ಯಾರೂ ಹೇಳಿಲ್ಲ. ಹೋಗಲಿ, ಬಿರುಕು ಬಿಟ್ಟಿದ್ದನ್ನೇ ವಾಪಸ್ ಕೊಡು, ನಾನೇ ನೋಡುತ್ತೇನೆ ಅಂದೆ. "ಗುಜರಿಗೆ ಹೋಯ್ತು." ಎರಡು ದಿನ ಬಿಟ್ಟು ಮೆಸೇಜ್ ಬಂತು: "ನೀನು ತಂದಿದ್ದೇ ಈ ಬ್ಲಾಕ್. ಬೇರೆ ಇತ್ತು ಅನ್ನೋಕೆ ಏನು ಸಾಕ್ಷಿ?" ಬಿರುಕು ಬಿಟ್ಟು ಗುಜರಿಗೆ ಹೋದ ಬ್ಲಾಕ್ ಎರಡೇ ದಿನದಲ್ಲಿ ಇದೇ ಬ್ಲಾಕ್ ಆಗಿಬಿಡ್ತಾ? ಏನು ಸಾಕ್ಷಿ ಅಂತೆ! ಆ ಮಾತು ಈಗಲೂ ಕಿವಿಯಲ್ಲಿ ಗುಂಯ್ ಅನ್ನುತ್ತೆ. ನನ್ನ ಹತ್ತಿರ ಇರೋದು ಒಂದೇ ಮಸುಕು ಫೋಟೋ, ಅದರಲ್ಲಿ 10ಬಿ ಬಿಟ್ಟು ಮಿಕ್ಕಿದ್ದು ನೆರಳಿನಲ್ಲಿ ಕಾಣಲ್ಲ.

1955ರಿಂದ ಎಂಬತ್ತರ ದಶಕದ ನಡುವಿನವರೆಗೆ ಸ್ಮಾಲ್ ಬ್ಲಾಕ್ ಸಾಮಾನು ಬಹುಪಾಲು ಒಂದಕ್ಕೊಂದು ಕೂರುತ್ತೆ. ಅದಕ್ಕೇ ಅಲ್ವಾ ನಾವೆಲ್ಲ ಇದನ್ನು ಇಷ್ಟಪಡೋದು? ಇಂಥವರು ಕದಿಯೋದೂ ಅದೇ ದಾರಿಯಲ್ಲಿ. ಎತ್ತಿ ಹಾಕಿದರೆ ಕೂರುತ್ತೆ, ಸದ್ದೂ ಅದೇ.

ಬಿಚ್ಚುವ ಮುಂಚೆ ಬ್ಲಾಕ್‌ನ ಮುಂದಿನ, ಹಿಂದಿನ ಎರಡೂ ನಂಬರ್ ಸ್ವಚ್ಛ ಮಾಡಿ, ಬೆಳಕಿನಲ್ಲಿ, ಕಾರಿನ ಗುರುತಿನ ನಂಬರ್ ಇರೋ ವಿನ್ ಪ್ಲೇಟ್ ಜೊತೆ ಫೋಟೋ ತೆಗೀರಿ. ವರ್ಕ್ ಆರ್ಡರ್‌ನಲ್ಲಿ ಆ ನಂಬರ್ ಬರೆಸಿ, ಇದೇ ಬ್ಲಾಕ್ ವಾಪಸ್ ಕೊಡಬೇಕು, ಆ ನಂಬರ್ ಅಳಿಸಬಾರದು ಅಂತಲೂ ಬರೆಸಿ. ಬರೆಯಲ್ಲ ಅಂದರೆ ಗಾಡಿ ವಾಪಸ್ ತನ್ನಿ. ನಗುನಗುತ್ತಾ ಮಾತಾಡ್ತಾನೆ ಅಂತ ನಂಬಬೇಡಿ, ನನ್ನ ಹತ್ತಿರವೂ ನಗುನಗುತ್ತಲೇ ಮಾತಾಡಿದ್ದ.

ಇಲ್ಲಿ ರಿಪೇರಿ ಅಂಗಡಿಗಳು ಮಿಶಿಗನ್ ರಾಜ್ಯ ಸರ್ಕಾರದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ನೋಂದಣಿ ಆಗಿರಬೇಕು. ಅಲ್ಲಿಗೆ ದೂರು ಕೊಟ್ಟಿದ್ದೇನೆ, ಕಾಯುತ್ತಿದ್ದೇನೆ. ನನ್ನ ಬ್ಲಾಕ್ ಗುಜರಿಗೆ ಹೋಗಿದೆ ಅಂತ ನನಗೆ ನಂಬಿಕೆ ಇಲ್ಲ. ಮಿಶಿಗನ್, ಒಹಾಯೊ ಕಡೆ ಸ್ವಾಪ್ ಮೀಟ್‌ಗೆ (ಹಳೇ ಕಾರು ಸಾಮಾನಿನ ಸಂತೆ) ಹೋಗುವವರು ಯಾರಾದರೂ 3970010 ಬ್ಲಾಕ್ ಕಂಡರೆ, ಮುಂದೆ 10ಬಿ ಇದೆಯಾ ನೋಡಿ, ಒಂದು ಫೋಟೋ ಕಳಿಸಿ. ಆರು ಅಂಕಿ ನಾನು ಹೊಂದಿಸಿ ನೋಡುತ್ತೇನೆ.