ಫ್ರಿಜ್ ಬೇಡದ ಐದು ಎಂ.ಎಲ್.: ಮೂರು ಮಳೆಗಾಲದ ಲೆಕ್ಕ

ಸೈನಸ್ ದೆಸೆಯಿಂದ ವರ್ಷಕ್ಕೆರಡು ಸಲ ನನಗೆ ಆಂಟಿಬಯಾಟಿಕ್ ತಪ್ಪಿದ್ದಲ್ಲ. ಮಾತ್ರೆ ಶುರುವಾಗಿ ಮೂರನೇ ದಿನಕ್ಕೆ ಹೊಟ್ಟೆ ಕೆಡುವುದೂ ಖಾಯಂ. ಮೊದಲು ತಗೊಳ್ಳುತ್ತಿದ್ದ ಪ್ರೋಬಯಾಟಿಕ್ (ಹೊಟ್ಟೆಗೆ ಒಳ್ಳೆಯದೆನ್ನುವ ಜೀವಂತ ಬ್ಯಾಕ್ಟೀರಿಯಾ) ಕ್ಯಾಪ್ಸೂಲನ್ನು ಫ್ರಿಜ್ಜಿನಲ್ಲಿ ಇಡಬೇಕಿತ್ತು. ತೀರ್ಥಹಳ್ಳಿ ಕಡೆ ಜುಲೈಯಲ್ಲಿ ಫ್ರಿಜ್ ಅಂದರೆ ಬರೀ ಕಪಾಟು. ಲೈನ್ ಮೇಲೊಂದು ಮರ ಬಿತ್ತೋ, ಮೂರು ದಿನ ಕರೆಂಟಿಲ್ಲ. ಕ್ಯಾಪ್ಸೂಲಿನೊಳಗೆ ಯಾರು ಬದುಕಿದ್ದಾರೋ, ಯಾರು ಸತ್ತರೋ!

ಆಮೇಲೆ ಡಾಕ್ಟರು ಬರೆದುಕೊಟ್ಟಿದ್ದು ಬ್ಯಾಸಿಲಸ್ ಕ್ಲಾಸಿಯೈ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಬಾಟಲಿ, ಅದರಲ್ಲಿ ಐದು ಎಂ.ಎಲ್. ದ್ರವ, ದ್ರವದಲ್ಲಿ 200 ಕೋಟಿ ಬೀಜಕಣ (ಸ್ಪೋರ್). ಗಟ್ಟಿ ಕವಚದೊಳಗೆ ಮಲಗಿರುವುದರಿಂದ ಫ್ರಿಜ್ ಬೇಡ, ಜಠರದ ಆಮ್ಲಕ್ಕೂ ಸುಲಭಕ್ಕೆ ಜಗ್ಗುವುದಿಲ್ಲ, ಕರುಳು ಸೇರಿ ಮೊಳೆಯುತ್ತವೆ. ಹಲವು ಆಂಟಿಬಯಾಟಿಕ್‌ಗಳು ಈ ತಳಿಗಳಿಗೆ ನಾಟುವುದಿಲ್ಲ, ಹಾಗಾಗಿ ಕೋರ್ಸ್ ನಡೆಯುವಾಗಲೇ ಕುಡಿಯಬಹುದು.

ತಿಂಡಿ ಆದ ಮೇಲೆ ಬಾಟಲಿ ಕುಲುಕಿ, ಅದರ ಕುತ್ತಿಗೆಗೆ ಉಗುರಿನಿಂದ ಎರಡು ಸಲ ತಟ್ಟಿ, ತಿರುಚಬೇಕು. ಟಕ್. ಹತ್ತರಲ್ಲಿ ನಾಲ್ಕು ಸಲ ಕತ್ತು ಓರೆಯಾಗಿ ಮುರಿದು ಎರಡು ಹನಿ ಚೆಲ್ಲುತ್ತದೆ. ನಾಲ್ಕು ಕೋಟಿ ಲುಂಗಿ ಪಾಲು! ಉಳಿದದ್ದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. "ದುಡ್ಡು ಕೊಟ್ಟು ನೀರು ಕುಡೀತೀರಲ್ರೀ" ಅಂತ ನನ್ನವಳ ವರಾತ.

ಇದರ ಹೊಸ ವೈಜ್ಞಾನಿಕ ಹೆಸರು ಶೌಚೆಲ್ಲಾ ಕ್ಲಾಸಿಯೈ ಅಂದಾಗ ಅವಳು ನಕ್ಕಿದ್ದೇ ನಕ್ಕಿದ್ದು. ಪುಣೆಯ ವಿಜ್ಞಾನಿ ಯೋಗೇಶ್ ಶೌಚೆ ಅವರ ಗೌರವಕ್ಕೆ ಇಟ್ಟ ಹೆಸರು ಅಂದರೂ ಕೇಳಲಿಲ್ಲ.

ಎರಡನೇ ವರ್ಷ ನನಗೆ ಆಸೆ ಹತ್ತಿತು. ಹೊಟ್ಟೆ ಉಬ್ಬರಕ್ಕೂ ಆದೀತು ಅಂತ ಕಾಯಿಲೆ ಇಲ್ಲದಾಗಲೂ ನಾಲ್ಕು ತಿಂಗಳು ದಿನಾ ಕುಡಿದೆ. ಒಂದು ಬಾಟಲಿಗೆ ನಮ್ಮೂರ ಹೋಟೆಲಿನ ಒಂದು ಮಸಾಲೆ ದೋಸೆಯ ದುಡ್ಡು. ಉಬ್ಬರ ಒಂದಿಷ್ಟೂ ಇಳಿಯಲಿಲ್ಲ. ಇವು ಕರುಳಲ್ಲಿ ಮನೆ ಕಟ್ಟಿಕೊಂಡು ಉಳಿಯುವ ಪೈಕಿ ಅಲ್ಲ, ಕುಡಿಯುವುದು ನಿಲ್ಲಿಸಿದ ಕೆಲ ದಿನಕ್ಕೆ ಹೊರಬಿದ್ದು ಹೋಗುತ್ತವೆ. ಅದೇ ದುಡ್ಡಿಗೆ 120 ದೋಸೆ ತಿಂದಿದ್ದರೆ ಉಬ್ಬರಕ್ಕೊಂದು ಕಾರಣವಾದರೂ ಇರುತ್ತಿತ್ತು. ಪ್ಲಾಸ್ಟಿಕ್ ರಾಶಿ ಬೇರೆ.

ಮಕ್ಕಳಿಗೆ ಭೇದಿಯಾದರೆ ಓಆರ್‌ಎಸ್ ಬಿಟ್ಟು ಇದನ್ನು ನೆಚ್ಚಬೇಡಿ. ಕೀಮೋ ಮಾಡಿಸಿಕೊಳ್ಳುತ್ತಿರುವವರು, ರೋಗನಿರೋಧಕ ಶಕ್ತಿ ಕುಂದಿದವರು ಡಾಕ್ಟರನ್ನು ಕೇಳದೆ ಮುಟ್ಟಲೂ ಬೇಡಿ.

ಈಗ ಆಂಟಿಬಯಾಟಿಕ್ ಇದ್ದಷ್ಟು ದಿನ ಮಾತ್ರ. ಹೋದ ಆಗಸ್ಟಿನ ಐದು ದಿನದ ಕೋರ್ಸಿನಲ್ಲಿ ಎರಡು ಸಲ ಕರೆಂಟ್ ಹೋಯಿತು, ಹೊಟ್ಟೆ ಕೆಡಲಿಲ್ಲ. ಮೂರು ಬಾಟಲಿ ಉಳಿದಿವೆ, ಟಾರ್ಚಿನ ಶೆಲ್ಲಿನ ಪಕ್ಕ, ಮೇಜಿನ ಡ್ರಾಯರಿನಲ್ಲಿ.