ವಿಚ್ಛೇದನದ ವಕೀಲಿಕೆ: ಕೋರ್ಟೋ, ಮಧ್ಯಸ್ಥಿಕೆಯೋ?

ವಿಚ್ಛೇದನದ ಕೇಸು ಹಿಡಿಯುವ ವಕೀಲರಾಗುವುದಾದರೆ, ಕೋರ್ಟಿನ ದಾರಿಯಲ್ಲಿ ನಿಮಗೆ ವಾದಕ್ಕಿಂತ ಕಾಗದದ ಕೆಲಸವೇ ಹೆಚ್ಚು. ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ವಿವರ, ಸಾಲಪತ್ರಗಳನ್ನು ತಾಳೆ ನೋಡಿ ಆಸ್ತಿ, ಆದಾಯದ ಅಫಿಡವಿಟ್ ಸಿದ್ಧಪಡಿಸಬೇಕು. ಕಕ್ಷಿದಾರರು ಮುಚ್ಚಿಟ್ಟ ಒಂದು ಖಾತೆ ಪಾಟೀಸವಾಲಿನಲ್ಲಿ ಹೊರಬಿದ್ದರೆ ಅವರ ಉಳಿದ ಮಾತನ್ನೂ ನ್ಯಾಯಾಧೀಶರು ನಂಬುವುದು ಕಷ್ಟ. ಮಧ್ಯಂತರ ಜೀವನಾಂಶ, ಮಕ್ಕಳ ಭೇಟಿ ಎಂದು ತುರ್ತು ಅರ್ಜಿಗಳು ಬರುತ್ತಲೇ ಇರುತ್ತವೆ. ತೀರ್ಪಾದ ಮೇಲೂ ಆದಾಯ ಬದಲಾದರೆ, ಒಬ್ಬರು ಊರು ಬಿಟ್ಟರೆ ಮತ್ತೆ ಅರ್ಜಿ.

ಗಂಡ-ಹೆಂಡತಿಯನ್ನು ಮಾತಾಡಿಸಿ ಒಪ್ಪಂದಕ್ಕೆ ತರುವ ಮಧ್ಯಸ್ಥಗಾರರಿಗೆ ಈ ಓಡಾಟ ಕಡಿಮೆ. ಆದರೆ ಅವರು ಯಾರ ಪರವೂ ಅಲ್ಲ. ಒಬ್ಬರಿಗೆ ಅನುಕೂಲವಾಗುವ ಸಲಹೆ ಕೊಡುವಂತಿಲ್ಲ. (ವಾದಿಸುವ ಚಟ ಇರುವವರಿಗೆ ಇದೇ ದೊಡ್ಡ ಹಿಂಸೆ.) ಒಬ್ಬರು ಇನ್ನೊಬ್ಬರಿಗೆ ಹೆದರಿ ಸಹಿ ಹಾಕಿದರೆ ಒಪ್ಪಂದ ನಿಲ್ಲದು, ಹಾಗಾಗಿ ಮೊದಲು ಇಬ್ಬರನ್ನೂ ಪ್ರತ್ಯೇಕವಾಗಿ ಮಾತಾಡಿಸಿ, ದೌರ್ಜನ್ಯದ ಸುಳಿವಿದೆಯೇ ಎಂದು ನೋಡಬೇಕು.

ಇವೆರಡರ ನಡುವಿನ ದಾರಿ, 1990ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ವಕೀಲ ಸ್ಟೂ ವೆಬ್ ಆರಂಭಿಸಿದ ಸಹಯೋಗ ಪದ್ಧತಿ. ಎರಡೂ ಕಡೆಗೆ ವಕೀಲರಿರುತ್ತಾರೆ; ಮಾತುಕತೆ ಮುರಿದರೆ ಇಬ್ಬರು ವಕೀಲರೂ ಹಿಂದೆ ಸರಿಯಲೇಬೇಕು. ಕಕ್ಷಿದಾರರಿಗೆ ಹೊಸ ವಕೀಲರ ಖರ್ಚು, ನಿಮಗೆ ಕೈತಪ್ಪಿದ ಕೇಸು.

ಹೊಸಬರಾದರೆ ಮೊದಲ ಕೆಲವು ವರ್ಷ ಕೋರ್ಟಿನಲ್ಲೇ ಪಳಗಿ. ನ್ಯಾಯಾಧೀಶರು ಎಷ್ಟು ಕೊಡಿಸಬಹುದೆಂಬ ಅಂದಾಜಿಲ್ಲದೆ ರಾಜಿಯ ಮೊತ್ತ ನ್ಯಾಯವೇ ಎಂದು ಹೇಳಲಾಗದು.