ಎರಡು ನೇಪಾಳ ಚಾರಣ, ಒಂದು ಬೆನ್ನುಚೀಲ: ಮೂರು ವರ್ಷಗಳ ಬಳಕೆಯ ನಂತರ

2022ರ ಜನವರಿಯಲ್ಲಿ ನಾನು 55 ಲೀಟರಿನ ಬೆನ್ನುಚೀಲವೊಂದನ್ನು 7,800 ರೂಪಾಯಿಗೆ ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಆ ವರ್ಷದ ಅಕ್ಟೋಬರ್‌ನಲ್ಲಿ ಅನ್ನಪೂರ್ಣ ಬೇಸ್ ಕ್ಯಾಂಪಿಗೂ, 2024ರ ಅಕ್ಟೋಬರ್‌ನಲ್ಲಿ ಎವರೆಸ್ಟ್ ಬೇಸ್ ಕ್ಯಾಂಪಿಗೂ ಇದೇ ಚೀಲವನ್ನು ನಾನೇ ಹೊತ್ತು ನಡೆದೆ. ಇದರ ತಯಾರಕರ ಮೇಲೆ ನನ್ನದೊಂದು ದೂರು ಇದೆಯಾದ್ದರಿಂದ ಹೆಸರು ಬರೆಯುವುದಿಲ್ಲ. ಆದರೆ ಇಲ್ಲಿ ಹೇಳುವ ಹೆಚ್ಚಿನ ಸಂಗತಿಗಳು ಈ ಬಗೆಯ ಯಾವ ಚೀಲಕ್ಕಾದರೂ ಸಲ್ಲುತ್ತವೆ.

ಕಲಬುರಗಿಯಲ್ಲಿ ಇಂಥ ಚೀಲವನ್ನು ಹೆಗಲಿಗೇರಿಸಿ ನೋಡಿ ಕೊಳ್ಳುವ ಅಂಗಡಿ ನನಗೆ ಸಿಗಲಿಲ್ಲ. ಆದ್ದರಿಂದ ಕತ್ತು ಬಗ್ಗಿಸಿದಾಗ ಬುಡದಲ್ಲಿ ಉಬ್ಬಿ ಕಾಣುವ ಎಲುಬಿನಿಂದ ಸೊಂಟದ ಎಲುಬಿನ ಮೇಲಂಚಿನ ಮಟ್ಟದವರೆಗೆ ತಮ್ಮನಿಂದ ಟೇಪು ಹಿಡಿಸಿ ಅಳೆಸಿಕೊಂಡೆ. ನನ್ನ ಬೆನ್ನಿನ ಉದ್ದ 46 ಸೆಂಟಿಮೀಟರ್ ಬಂತು, ಅದಕ್ಕೆ ಹೊಂದುವ ಅಳತೆಯನ್ನೇ ತರಿಸಿದೆ. ಲೀಟರು ಎಷ್ಟು ಎಂದು ವಿಚಾರಿಸುವವರು ಈ ಅಳತೆಯನ್ನು ಮರೆತೇಬಿಡುತ್ತಾರೆ. ಚೀಲದ ಬೆನ್ನು ನಮ್ಮ ಬೆನ್ನಿಗಿಂತ ಉದ್ದವಾದರೆ ಸೊಂಟಪಟ್ಟಿ ಕೆಳಗೆ ಜಾರಿ, ಸೊಂಟ ಹೊರಬೇಕಾದ ಭಾರವೆಲ್ಲ ಹೆಗಲ ಮೇಲೆ ಬೀಳುತ್ತದೆ.

ನಮ್ಮದು ಬಯಲುಸೀಮೆ, ಏರು ಎಂಬುದು ಕಾಲಿಗೆ ಗೊತ್ತಿಲ್ಲ. ಎರಡು ತಿಂಗಳು ಪ್ರತಿ ಭಾನುವಾರ ರೈಲಿನಲ್ಲಿ ಯಾದಗಿರಿಗೆ ಹೋಗಿ, ಚೀಲದಲ್ಲಿ ಹತ್ತು ಕಿಲೋ ತೊಗರಿಬೇಳೆ ತುಂಬಿಕೊಂಡು ಕೋಟೆಯ ಬೆಟ್ಟವನ್ನು ಹತ್ತಿ ಇಳಿದೆ. ಚೀಲದ ಗುಣ ನನಗೆ ತಿಳಿದದ್ದು ಅಲ್ಲಿಯೇ. ಬೇಳೆಯ ಪಾಕೀಟುಗಳನ್ನು ತಳದಲ್ಲಿಟ್ಟ ದಿನ ಚೀಲ ಹಿಂದಕ್ಕೆ ಜಗ್ಗಿ ಸೊಂಟ ನೋಯಿತು. ಅವನ್ನೇ ಬೆನ್ನಿಗೆ ತಾಗುವಂತೆ, ಹೆಗಲೆಲುಬುಗಳ ನಡುವಿನ ಮಟ್ಟಕ್ಕೆ ಇಟ್ಟ ದಿನ ಅದೇ ಹತ್ತು ಕಿಲೋ ಮೈಗೆ ಅಂಟಿದಂತೆ ಹಗುರವೆನಿಸಿತು. ಅಂದಿನಿಂದ ಸ್ಲೀಪಿಂಗ್ ಬ್ಯಾಗ್ ತಳಕ್ಕೆ, ಭಾರದ ವಸ್ತುಗಳು ಬೆನ್ನಿನ ಪಕ್ಕಕ್ಕೆ, ಹಗುರವಾದ ಬಟ್ಟೆ ಹೊರಬದಿಗೆ, ಮಳೆಯ ಜಾಕೆಟ್ ಎಲ್ಲಕ್ಕಿಂತ ಮೇಲೆ ಎಂಬ ಕ್ರಮವನ್ನು ನಾನು ಬದಲಿಸಿಲ್ಲ.

ಖಾಲಿ ಚೀಲವೇ 1.9 ಕಿಲೋ ತೂಗುತ್ತದೆ ಎಂಬುದು, ಎವರೆಸ್ಟ್ ಚಾರಣ ಶುರುವಾಗುವ ಲುಕ್ಲಾಕ್ಕೆ ಹೋಗುವ ವಿಮಾನದ ಲೆಕ್ಕದಲ್ಲಿ ಸಣ್ಣ ಮಾತಲ್ಲ. ನಮ್ಮ ಟಿಕೇಟಿನಲ್ಲಿ ಚೀಲಕ್ಕೆ 10, ಕೈಚೀಲಕ್ಕೆ 5 ಕಿಲೋ ಮಿತಿಯಿತ್ತು. ಹೀಗಾಗಿ ಎರಡನೆಯ ಚಾರಣಕ್ಕೆ ಡೌನ್ ಜಾಕೆಟನ್ನೂ ಸ್ಲೀಪಿಂಗ್ ಬ್ಯಾಗನ್ನೂ ಮನೆಯಿಂದ ಒಯ್ಯದೆ, ಕಠ್ಮಂಡುವಿನ ಥಮೇಲ್‌ನಲ್ಲಿ ಬಾಡಿಗೆಗೆ ಪಡೆದೆ. ಆ ಚಳಿಯ ಬಟ್ಟೆಗೆ ಕಲಬುರಗಿಯಲ್ಲಿ ವರ್ಷವಿಡೀ ಕೆಲಸವಿಲ್ಲದಿರುವಾಗ ಇದೇ ಸರಿಯಾದ ದಾರಿ ಎಂದು ನನ್ನ ನಂಬಿಕೆ. ಹತ್ತಿಯ ಬಟ್ಟೆ ಬೆವರು ಹೀರಿ ಬೇಗ ಒಣಗುವುದಿಲ್ಲವಾದ್ದರಿಂದ ಅದನ್ನು ಒಯ್ಯಲೇ ಇಲ್ಲ. ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಮೇಲೆ ಹೋದಂತೆ ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ರಾತ್ರಿ ಅದನ್ನು ಹಾಸಿಗೆಯೊಳಗೆ ಇಟ್ಟುಕೊಂಡೆ. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿಗಳನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು, ಶೇಂಗಾ ಹಿಂಡಿಯ ಜೊತೆ ಮೇಲಿನ ಖಾನೆಗೆ ಹಾಕಿದ್ದೆ. 3,440 ಮೀಟರ್ ಎತ್ತರದ ನಾಮ್ಚೆಯಲ್ಲಿ, ಬಾಯಿಗೆ ಏನೂ ರುಚಿಸದಿದ್ದ ದಿನ, ಹೊಟ್ಟೆಗೆ ಹೋದದ್ದು ಅದೊಂದೇ. ಆ ಡಬ್ಬಿಯ ತೂಕವನ್ನು ನಾನು ಮುಂದೆಯೂ ಬಿಡಲಾರೆ.

ಸೊಂಟಪಟ್ಟಿಯ ಸ್ಪಂಜು ಎರಡು ಚಾರಣಗಳ ನಂತರವೂ ಕುಗ್ಗಿಲ್ಲ, ಜಿಪ್ಪುಗಳು ಒಮ್ಮೆಯೂ ಕಚ್ಚಿಕೊಂಡಿಲ್ಲ. ವಿಮಾನಕ್ಕೆ ಹಾಕುವಾಗ ಪಟ್ಟಿಗಳು ಎಲ್ಲಾದರೂ ಸಿಕ್ಕಿಕೊಳ್ಳದಿರಲೆಂದು ಇಡೀ ಚೀಲವನ್ನು ದೊಡ್ಡ ಪ್ಲಾಸ್ಟಿಕ್ ಗೋಣಿಚೀಲದಲ್ಲಿಟ್ಟು ಬಾಯಿ ಕಟ್ಟುತ್ತಿದ್ದೆ. ಹಾಗಿದ್ದೂ ಹಿಂತಿರುಗುವಾಗ ಎದೆಪಟ್ಟಿಯ ಬಕಲ್ ಒಡೆಯಿತು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಶಾಲೆಯ ಚೀಲ ಹೊಲಿಯುವವರೊಬ್ಬರು ಅರವತ್ತು ರೂಪಾಯಿಗೆ ಹೊಸದನ್ನು ಹಾಕಿಕೊಟ್ಟರು.

ದೂರು ಇರುವುದು ಚೀಲಕ್ಕೆ ಹೊದಿಸುವ ಮಳೆಗವಸಿನ ಮೇಲೆ. ಅನ್ನಪೂರ್ಣದ ದಾರಿಯಲ್ಲಿ, ಛೊಮ್ರೊಂಗ್ ದಾಟಿದ ಮೇಲೆ ಮೂರು ಗಂಟೆ ಸುರಿದ ಮಳೆಯಲ್ಲಿ ಗವಸು ಹೊರಗಿನ ನೀರನ್ನು ತಡೆಯಿತಾದರೂ, ನನ್ನ ಬೆನ್ನಿಗೂ ಚೀಲಕ್ಕೂ ನಡುವೆ ಇಳಿದ ನೀರು ಒಳಗೆ ಸೇರಿ ಬಟ್ಟೆಗಳು ತೊಯ್ದವು. ಆ ಭಾಗವನ್ನು ಯಾವ ಗವಸೂ ಮುಚ್ಚುವುದಿಲ್ಲ. ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಒಳಗೆ ಹಾಸಿ, ಅದರೊಳಗೇ ಎಲ್ಲವನ್ನೂ ತುಂಬಿ ಬಾಯಿ ಸುತ್ತುವುದೊಂದೇ ಉಪಾಯ. ಎವರೆಸ್ಟ್ ಚಾರಣಕ್ಕೆ ಹಾಗೆಯೇ ಮಾಡಿದೆ.

ಇದಕ್ಕಿಂತ ದೊಡ್ಡ ನಷ್ಟ ಮನೆಯಲ್ಲಿ ಆಯಿತು. ಮೊದಲ ಚಾರಣದಿಂದ ಬಂದವನು ದಣಿವಿನಲ್ಲಿ ಚೀಲವನ್ನು ಪೂರ್ತಿ ಒಣಗಿಸದೆ, ಗವಸನ್ನು ಮಡಚಿ ಅದರ ಜೇಬಿನಲ್ಲೇ ಬಿಟ್ಟು, ಅಟ್ಟಕ್ಕೆ ಹಾಕಿದೆ. ನಮ್ಮ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಅಟ್ಟದ ಕಾವು ಇನ್ನೂ ಹೆಚ್ಚು. ಮರುವರ್ಷ ತೆಗೆದಾಗ ಗವಸಿನ ಒಳಮೈ ಬೆಲ್ಲದ ಪಾಕದಂತೆ ಅಂಟಂಟಾಗಿ, ಹುಳಿ ವಾಸನೆ ಬರುತ್ತಿತ್ತು. ನೀರು ತಡೆಯಲು ಬಟ್ಟೆಗೆ ಬಳಿಯುವ ಪಾಲಿಯುರೆಥೇನ್ ಲೇಪ ತೇವ ಮತ್ತು ಶಾಖ ಎರಡೂ ಕೂಡಿದಾಗ ಒಡೆದು ಹೀಗೆ ಅಂಟಾಗುತ್ತದೆ. ತಪ್ಪಿನಲ್ಲಿ ನನ್ನ ಪಾಲು ದೊಡ್ಡದು. ಆದರೆ ಚೀಲದ ಜೊತೆ ಬಂದ ಕಾಗದದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಪತ್ರ ಬರೆದಾಗ ಲೇಪಕ್ಕೆ ವಾರಂಟಿ ಇಲ್ಲ ಎಂಬ ಉತ್ತರವಷ್ಟೇ ಬಂತು. ನಮ್ಮಂಥ ಬಿಸಿಲ ನಾಡಿಗೆ ಮಾರುವವರು ಆ ಒಂದು ಸಾಲನ್ನು ಮುದ್ರಿಸಬೇಕಿತ್ತು.

ಚೀಲದ ಒಳಲೇಪಕ್ಕೆ ಈವರೆಗೆ ಏನೂ ಆಗಿಲ್ಲ. ಈಗ ಅದನ್ನು ನೆರಳಿನಲ್ಲಿ ಎರಡು ದಿನ ಬಾಯಿ ತೆರೆದು ಒಣಗಿಸಿ, ಕೆಳಗಿನ ಕೋಣೆಯ ಕಪಾಟಿನಲ್ಲಿ ಜಿಪ್ಪುಗಳನ್ನು ಬಿಚ್ಚಿ ತೂಗುಹಾಕುತ್ತೇನೆ. ಬೇರೆ ಗವಸಿಗೆ 450 ರೂಪಾಯಿ ಕೊಟ್ಟೆ. ಈ ಅಳತೆಯ ಬೆನ್ನಿರುವವರು, ಹನ್ನೆರಡು ಕಿಲೋದೊಳಗೆ ಹೊರುವವರು ಈ ಬಗೆಯ ಚೀಲವನ್ನು ಧೈರ್ಯವಾಗಿ ಕೊಳ್ಳಬಹುದು. ಅದಕ್ಕಿಂತ ಹೆಚ್ಚು ಹೊರುವವರಿಗೆ ಇದರ ಹೆಗಲಪಟ್ಟಿ ತೆಳುವಾಯಿತು.